ಮೇಜು ಜರುಗಿಸುವ ಮಾವ

ನಮ್ಮ ಸೋದರಮಾವ ಇಪ್ಪತ್ತು ವರ್ಷ ಗುಮಾಸ್ತರಾಗಿದ್ದರು. ಆದರೆ ಗುಮಾಸ್ತಿಕೆಯನ್ನು ಒಂದು ದಿನವೂ ನೆಟ್ಟಗೆ ಮಾಡಲಿಲ್ಲ! ಮೈಗಳ್ಳರೆಂದುಕೊಳ್ಳಬೇಡಿ. ಉಳಿದವರ ಕೆಲಸದ ಕ್ರಮ ಸರಿಪಡಿಸುವುದಕ್ಕೇ ಅವರಿಗೆ ಹೊತ್ತು ಸಾಲುತ್ತಿರಲಿಲ್ಲ.

ಶಿಕಾರಿಪುರದ ಒಂದು ಕಚೇರಿಯಲ್ಲಿದ್ದಾಗಿನ ಮಾತು. (ಯಾವ ಕಚೇರಿ ಎಂದು ಕೇಳಬೇಡಿ, ನನಗೆ ಈಗಲೂ ಅಲ್ಲಿ ಕೆಲಸ ಬೀಳುತ್ತದೆ!) ಒಂದು ದಿನ ಯಾವುದೋ ರೈತನ ಅರ್ಜಿಯ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಪತ್ತೇದಾರನಂತೆ ಅಲೆದರು. ಅರ್ಜಿ ಏಳು ಮೇಜು ಸುತ್ತಿ, ಹೊರಟಲ್ಲಿಗೇ ಬಂತು! ಆ ಭಾನುವಾರ ಜವಾನರ ಜೊತೆ ಸೇರಿ ಮೇಜುಗಳನ್ನೆಲ್ಲ ಜರುಗಿಸಿಬಿಟ್ಟರು. ಸೋಮವಾರ ಸಾಹೇಬರು ಬಂದು ಕಕ್ಕಾಬಿಕ್ಕಿ.

“ನನ್ನ ಮೇಜು ಎಲ್ರೀ?”

“ಬಾಗಿಲ ಹತ್ರ ಐತಿ ಸಾರ್. ಸಹಿ ಬೇಕಾದೋರು ಒಳಗೆಲ್ಲ ಯಾಕ್ ಅಲೀಬೇಕು?”

ಜನರ ಕೆಲಸ ಮಧ್ಯಾಹ್ನದೊಳಗೆ ಮುಗಿಯತೊಡಗಿತು. ಮಾವನಿಗೆ ತಿಂಗಳೊಳಗೆ ಸೊರಬಕ್ಕೆ ವರ್ಗವಾಯಿತು.

ಸೊರಬದಲ್ಲಿ ಮೊದಲು ಕೈಗೆ ಸಿಕ್ಕಿದ್ದು ಅತ್ತೆಯ ಅಡುಗೆಮನೆ. ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿದೆ, ಅತ್ತೆ ಕೂಗುತ್ತಿದ್ದಾರೆ: “ರೀ, ಸಾಸಿವೆ ಎಲ್ಲಿ?”

“ದಿನಕ್ಕೆ ಎರಡೇ ಸಲ ಮುಟ್ತೀಯಲ್ಲ, ಅಟ್ಟದ ಮೇಲಿಟ್ಟೀನಿ!”

ಅಂದು ನಮಗೆಲ್ಲ ಒಗ್ಗರಣೆಯಿಲ್ಲದ ಸಾರು. ಮರುದಿನದಿಂದ ಮಾವನಿಗೆ ಅಡುಗೆಮನೆ ನಿಷಿದ್ಧ!

ಡಿಗ್ರಿ ಮುಗಿಸಿ, ಮುಂದೇನೆಂದು ತೋಚದೆ ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದ ನನಗೆ ಒಂದೇ ಕುತೂಹಲ. ಕೇಳಿಯೇಬಿಟ್ಟೆ: “ಮಾವ, ಗುಮಾಸ್ತ ಮುಂದೆ ಹೆಡ್ ಗುಮಾಸ್ತ ಆಗ್ತಾನೆ. ನಿಮ್ಮಂಥ ಕೆಲಸದೋರು ಮುಂದೆ ಏನಾಗ್ತಾರೆ?”

“ಮೊದ್ಲು ಈ ಕೆಲಸಕ್ಕೊಂದು ಹೆಸರು ಹುಟ್ಲಿ ಮಾರಾಯ, ಆಮೇಲೆ ಬಡ್ತಿ.”

“ಅಲ್ಲೀವರೆಗೆ?”

“ವರ್ಗ!”

ಆದರೆ ಬಡ್ತಿಯೂ ಒಮ್ಮೆ ಹತ್ತಿರ ಬಂದಿತ್ತು. ತೊಂಬತ್ತರ ದಶಕದ ಕೊನೆಗೆ ಸೊರಬದ ಕಚೇರಿಗೆ ಮೊದಲ ಕಂಪ್ಯೂಟರ್ ಬಂತು. ಹೊಸ ಸಾಹೇಬರು ಮಾವನನ್ನು ಕರೆದು, “ಇನ್ನು ಟೈಪಿಸ್ಟ್ ಬೇಕಿಲ್ಲ ಅಂತ ವರದಿ ಬರೀರಿ. ಹೆಡ್ ಗುಮಾಸ್ತರ ಕುರ್ಚಿ ನಿಮ್ದೇ” ಎಂದರು.

ಟೈಪಿಸ್ಟ್ ಲಲಿತಮ್ಮ ಗಂಡನಿಲ್ಲದವರು, ದಿನಗೂಲಿಯ ಮೇಲೆ ಹನ್ನೆರಡು ವರ್ಷ ದುಡಿದವರು. ಮಾವ ಅವರ ಪಕ್ಕ ಕುರ್ಚಿ ಹಾಕಿಕೊಂಡು ಮೂರು ದಿನ ಸುಮ್ಮನೆ ನೋಡುತ್ತ ಕುಳಿತರು. ಮೂರನೇ ದಿನ ಆಕೆಗೆ ತಡೆಯಲಾಗಲಿಲ್ಲ.

“ನನ್ನ ಹೆಸ್ರು ಹೊಡೆದುಹಾಕ್ತೀರೇನ್ರೀ?”

“ಇಲ್ಲಮ್ಮ. ಬೆರಳು ನಿಮ್ವೇ ಇರ್ಲಿ, ಪೆಟ್ಟಿಗೆ ಒಂದು ಬದಲಾಗ್ಲಿ.”

ಕಂಪ್ಯೂಟರನ್ನು ಲಲಿತಮ್ಮನಿಗೇ ಕಲಿಸಬೇಕೆಂದು ಬರೆದ ವರದಿಯ ಒಂದು ಪ್ರತಿಯನ್ನು ಜಿಲ್ಲಾ ಕಚೇರಿಗೂ ಕಳಿಸಿದರು! ಅಲ್ಲಿಂದ ಒಪ್ಪಿಗೆ ಬಂತು. ಕುರ್ಚಿ ಬೇರೆಯವರಿಗೆ ಹೋಯಿತು. ಮಾವನಿಗೆ ಜಡೆ ಎಂಬ ಹಳ್ಳಿಗೆ ವರ್ಗ.

ಹೊರಡುವ ದಿನ ನಾನೂ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅಷ್ಟರಲ್ಲಿ ಲಲಿತಮ್ಮ ಏದುಸಿರು ಬಿಡುತ್ತ ಬಂದು ಒಂದು ಹಾಳೆ ಚಾಚಿದರು. ಮಾವನ ವರ್ಗಾವಣೆಯ ಬಿಡುಗಡೆ ಪತ್ರ.

“ಕಂಪ್ಯೂಟರ್ನಾಗೆ ನಾನೊಬ್ಳೇ ಮಾಡಿದ ಮೊದಲನೇ ಕಾಗದ ರೀ. ಇದೇ ಆಗ್ಬೇಕಿತ್ತಾ!” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮಾವ ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಓದಿದರು. ಬಸ್ಸು ಬಂದು ನಿಂತರೂ ಓದುತ್ತಲೇ ಇದ್ದರು.

“ಒಂದೂ ತಪ್ಪಿಲ್ಲಮ್ಮ,” ಎಂದರು. ಹಾಳೆಯನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡರು.