ಕಬ್ಬಿನ ಟ್ರ್ಯಾಕ್ಟರ್ ದಾರಿ ಬದಲಿಸಿದ್ದಕ್ಕೆ ಒಂದು ತಕರಾರು

ಮಾನ್ಯ ಟ್ರ್ಯಾಕ್ಟರ್ ಸಾಹೇಬರೇ,

ತಮ್ಮ ಘನ ಇಂಜಿನ್ನಿಗೂ, ಬೆನ್ನ ಹಿಂದೆ ತೊನೆಯುತ್ತ ಬರುವ ಎರಡು ಟ್ರೇಲರ್‌ಗಳಿಗೂ, ಡ್ರೈವರನ ತಲೆಯ ಮೇಲೆ ಕೂತು ಊರನ್ನೆಲ್ಲ ನಡುಗಿಸುವ ಸ್ಪೀಕರ್‌ಗಳಿಗೂ ಉಗಾರ ಬುದ್ರುಕದ ಪೂನಮಳ ಪ್ರತ್ಯೇಕ ಪ್ರತ್ಯೇಕ ನಮಸ್ಕಾರಗಳು. ಕಾರ್ಖಾನೆಯ ಹಂಗಾಮಿನಲ್ಲಿ ತಮಗೆ ಮೂಗು ಒರೆಸಿಕೊಳ್ಳಲೂ ಪುರುಸೊತ್ತಿಲ್ಲವೆಂದು ಬಲ್ಲೆ. ಆದರೂ ತಕರಾರು ತಕರಾರೇ: ತಾವು ನಮ್ಮ ಓಣಿಗೆ ಬರುವುದನ್ನು ಬಿಟ್ಟಿದ್ದೀರಿ, ಬರುವ ಭಾನುವಾರ ಚಿಕ್ಕೋಡಿಯಲ್ಲಿ ನನ್ನ ಶಿಕ್ಷಕರ ನೇಮಕಾತಿ ಪರೀಕ್ಷೆ ಇದೆ, ಮತ್ತು ತಮ್ಮ ಗದ್ದಲವಿಲ್ಲದೆ ನನಗೆ ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ.

ನಾನು ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಆದರ ಜಾಸ್ತಿ, ಬೇಸಿಗೆ ಬಂದರೆ ಮನೆಗೆ. ವರ್ಷ ಮುಗಿಯುವಾಗ ಮೂರನೇ ತರಗತಿಯ ಮಕ್ಕಳು "ಬಾಯಾರ, ಮುಂದಿನ ವರ್ಷಾನೂ ನೀವ ಬರ್ತೀರಿಲ್ರಿ?" ಎಂದು ಕೇಳುತ್ತಾರೆ, ನಾನು ಸೀಮೆಸುಣ್ಣ ಹುಡುಕುವವಳಂತೆ ಮುಖ ತಿರುಗಿಸುತ್ತೇನೆ. ಖಾಯಂ ಆಗಲು ಇದೊಂದೇ ಪರೀಕ್ಷೆ ಉಳಿದಿದೆ; ಮುಂದಿನ ಸಲ ವಯಸ್ಸಿನ ಮಿತಿ ದಾಟಿರುತ್ತೇನೆ. ಹೋದ ಸಲ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವಳು ಉತ್ತರ ಪತ್ರಿಕೆಯಲ್ಲಿ ಆ ಸಾಲು ಬಿಡುವುದನ್ನು ಮರೆತೆ. ಅಲ್ಲಿಂದ ಕೊನೆಯವರೆಗೆ ಎಲ್ಲ ಸರಿ ಉತ್ತರಗಳನ್ನೂ ಪಕ್ಕದ ಪ್ರಶ್ನೆಯ ಮನೆಗೆ ಕಳಿಸಿ, ಖುಷಿಯಿಂದ ಖಾರದ ಚುರುಮುರಿ ಭಡಂಗ ತಿನ್ನುತ್ತ ಊರಿಗೆ ಬಂದೆ.

ನನ್ನ ಕಾಯಿಲೆ ಪತ್ತೆಯಾದದ್ದೂ ಈ ಓದಿನಿಂದಲೇ. ಪುಸ್ತಕದಲ್ಲಿ 'ಗಮನದ ಕೊರತೆಯುಳ್ಳ ಮಕ್ಕಳನ್ನು ಗುರುತಿಸುವ ಬಗೆ' ಎಂಬ ಪಾಠವಿತ್ತು. ಹಂಗಾಮು ಶುರುವಾಗುವ ಮೊದಲು ಅದನ್ನು ಓದಲು ಕೂತಾಗಲೆಲ್ಲ ಎರಡನೇ ಸಾಲಿಗೆ ಎದ್ದು, ಗ್ಯಾಸ್ ಕಟ್ಟೆ ಒರೆಸಿ, ಕಪಾಟು ಜೋಡಿಸಿ, ಅರ್ಧಕ್ಕೆ ಬಿಟ್ಟ ಕಸೂತಿ ಹುಡುಕಿ, ಅದನ್ನೂ ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ. ಕಡೆಗೆ ನಮ್ಮವರು, ಅಂದರೆ ವೃಷಭ, ತಾವೇ ಓದಿ ಹೇಳತೊಡಗಿದರು, ನಡುವೆ ನಿಲ್ಲಿಸಿ, "ಪೂನಮ, ಇದ್ರಾಗ ನಿನ್ನ ಫೋಟೋ ಒಂದ ಹಾಕಿಲ್ಲ ನೋಡ" ಅಂದರು. ಮರುವಾರ ಮಿರಜಕ್ಕೆ ಹೋದೆವು. ಅಲ್ಲಿಯ ಡಾಕ್ಟರರು ಇದು ದಡ್ಡತನವಲ್ಲ, ಆಲಸ್ಯವಲ್ಲ, "ಲಕ್ಷ ಕಮೀ ಪಡತಂಯ" (ಗಮನ ಕಮ್ಮಿ ಬೀಳುತ್ತದೆ) ಅಷ್ಟೇ ಎಂದು ಮರಾಠಿಯಲ್ಲಿ ಹೇಳಿ ಗುಳಿಗೆ ಬರೆದುಕೊಟ್ಟರು. ಇಷ್ಟು ವರ್ಷ ಎಲ್ಲರಿಂದ 'ತಲಿ ಎಲ್ಲಿ ಇಟ್ಟಿ' ಎಂದು ಕೇಳಿಸಿಕೊಂಡವಳಿಗೆ ತಲೆ ಅಲ್ಲೇ ಇತ್ತೆಂದು ತಿಳಿದು, ಮಿರಜ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೂಬಿಟ್ಟೆ, ನಕ್ಕೂಬಿಟ್ಟೆ.

ಇನ್ನು ನಮ್ಮ ಅತ್ತೆ ಗಂಗೂಬಾಯಿಯವರ ವಿಷಯ. ದಿನಾ ಸಾಮಾಯಿಕಕ್ಕೆ, ಅಂದರೆ ನಮ್ಮ ಜೈನರ ಧ್ಯಾನಕ್ಕೆ, ಕೂತರೆ ರೆಪ್ಪೆ ಸಹ ಅಲುಗಿಸದ ಹೆಂಗಸು. "ಮನ್ಯಾಗ ಸಪ್ಪಳ ಇರಬಾರ್ದ, ಲಕ್ಷ ತಾನ ಬರತೈತಿ" ಎಂದು ಅವರು ಪಣತೊಟ್ಟರು. ಕುಕ್ಕರಿನ ಸೀಟಿ ಬಂದಾಯಿತು, ಭಾಂಡೆ ಪಾತ್ರೆ ಮಾರುವವರು ನಮ್ಮ ಓಣಿಗೆ ಬೆನ್ನು ತಿರುಗಿಸಿದರು, ನೆರೆಮನೆಯ ಟಿ.ವಿ. ಮೂಕವಾಯಿತು. ಕೊನೆಗೆ ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮ ಎದುರಿಗೇ ರಸ್ತೆಗಿಳಿದು, ತಮ್ಮ ಡ್ರೈವರ್ ಸಂಗ್ರಾಮನಿಗೆ, "ನಿನ್ನ ಹಾಡಿಂದ ನಮ್ಮ ಸೊಸಿದ ಲಕ್ಷ ಹೊಂಟೈತೊ! ಹ್ವಾದ ಲಕ್ಷ ಯಾಂವ ತಂದ ಕೊಡಾಂವ, ನಿಮ್ಮಪ್ಪನ?" ಎಂದು ಕೂಗಿದರು.

ನಮ್ಮ ಗಡಿಯ ಕನ್ನಡದಲ್ಲಿ ಲಕ್ಷ ಎಂದರೆ ಗಮನವೂ ಹೌದು, ನೂರು ಸಾವಿರವೂ ಹೌದು. ತಮ್ಮ ಇಂಜಿನ್ನು ಗುಡುಗುತ್ತಿತ್ತು, ಸ್ಪೀಕರಿನಲ್ಲಿ ಲಾವಣಿ ಏರಿತ್ತು; ಪಾಪ, ಸಂಗ್ರಾಮನಿಗೆ ಕೇಳಿಸಿದ್ದು ದುಡ್ಡಿನ ಲಕ್ಷ. "ಅವ್ವಾರ, ನಾ ಬಡಂವ ಅದೀನ್ರಿ, ಗಾಡಿ ಮಾಲಕಂದ ಐತ್ರಿ!" ಎಂದು ಕೈಮುಗಿದವನು ಅಂದಿನಿಂದ ತಮ್ಮನ್ನು ಹೊಳೆ ದಂಡೆಯ ದಾರಿಗೆ ತಿರುಗಿಸಿಬಿಟ್ಟ. ಇತ್ತ ಓಣಿಯಲ್ಲಿ ಗಂಗೂಬಾಯಿ ಟ್ರ್ಯಾಕ್ಟರಿನವರಿಂದ ಲಕ್ಷ ವಸೂಲಿ ಮಾಡುತ್ತಾರಂತೆ ಎಂಬ ಸುದ್ದಿ ಅಥಣಿಯವರೆಗೂ ಮುಟ್ಟಿತು.

ಆಮೇಲೆ ಶುರುವಾಯಿತು ನೋಡಿ ಶಾಂತಿ. ಅಯ್ಯಯ್ಯೋ, ಅಂಥ ಶಾಂತಿ ವೈರಿಗೂ ಬೇಡ! ಫ್ಯಾನಿನ ಕಿರ್ರ್ ಎಂಬ ಸದ್ದು ಕೇಳಿಸಿತು, ಹಲ್ಲಿ ಎಷ್ಟು ಸಲ ಲೊಚಗುಟ್ಟಿತೆಂಬುದು ತಿಳಿಯಿತು, ನನ್ನ ಹಲ್ಲಿನ ಸಂದಿಯಲ್ಲಿ ಶೇಂಗಾ ಸಿಕ್ಕಿದೆಯೆಂಬುದು ಅರಿವಾಯಿತು, ಮತ್ತು ಭಿನ್ನರಾಶಿಯ ಮೇಲೆ ಕಣ್ಣಿಟ್ಟು ಕೂತವಳು ಬದನೆಕಾಯಿಗೆ ಯಾಕೆ ಟೋಪಿ ಇದೆ ಎಂದು ಒಂದು ಮಧ್ಯಾಹ್ನವಿಡೀ ಯೋಚಿಸಿದೆ. ಅಭ್ಯಾಸ ಪರೀಕ್ಷೆ ಬರೆದು ನೋಡಿದರೆ, ತಾವು ಓಣಿಯಲ್ಲಿ ಹಾಯುತ್ತಿದ್ದ ದಿನಗಳಲ್ಲಿ ಓದಿದ್ದೆಲ್ಲ ಸರಿ, ಅತ್ತೆಯವರ ಶಾಂತಿಕಾಲದಲ್ಲಿ ಓದಿದ್ದೆಲ್ಲ ಸೊನ್ನೆ. ಆಗ ಹೊಳೆಯಿತು: ತಮ್ಮ ಒಂದು ದೊಡ್ಡ ಗದ್ದಲ ಈ ನೂರಾರು ಚಿಲ್ಲರೆ ಸಪ್ಪಳಗಳನ್ನೆಲ್ಲ ನುಂಗಿಹಾಕುತ್ತಿತ್ತು, ತೊಟ್ಟಿಲು ತೂಗಿದರೆ ಕೂಸು ಸುಮ್ಮನಾಗುವಂತೆ ನನ್ನ ಮನಸ್ಸು ಸುಮ್ಮನಾಗುತ್ತಿತ್ತು.

ಆದಕಾರಣ, ಮಹಾಗುರುಗಳೇ, ನನಗೆ ಪಾಠ ಹೇಳಿದವರೆಲ್ಲರಿಗಿಂತ ದೊಡ್ಡವರೇ, ಈ ಬಡ ವಿದ್ಯಾರ್ಥಿನಿಯ ಬೇಡಿಕೆಗಳನ್ನು ದಯಮಾಡಿ ಆಲಿಸಬೇಕು. ತಾವು ಕೂಡಲೇ ಹಳೆಯ ದಾರಿಗೆ ಮರಳಬೇಕು, ಮಕ್ಕಳ ಮನೋವಿಜ್ಞಾನ ಓದುವಾಗ ನಮ್ಮ ಮನೆಯ ಮುಂದೆಯೇ ಕೆಸರಲ್ಲಿ ಹೂತುಕೊಳ್ಳಬೇಕು, ಕೆಸರಿಲ್ಲದಿದ್ದರೆ ನೀರು ಹಾಕಿ ಮಾಡಿಕೊಡುತ್ತೇನೆ. ಭಾನುವಾರ ಪರೀಕ್ಷಾ ಕೊಠಡಿಗೇ ದಯಮಾಡಿಸಿದರೆ ಇನ್ನೂ ಉತ್ತಮ. ಪ್ರವೇಶ ಪತ್ರದ ಬೆನ್ನಿಗೆ ನಿಷೇಧಿಸಿದ್ದನ್ನೆಲ್ಲ ಓದಿದ್ದೇನೆ (ನಾಲ್ಕು ಸಲ ಎದ್ದು ಹೋಗಿ ಬಂದು ಓದಿದ್ದೇನೆ): ಮೊಬೈಲ್ ಒಯ್ಯಬಾರದು, ಕೈಗಡಿಯಾರ ಒಯ್ಯಬಾರದು, ಕಿವಿಯೋಲೆಯೂ ಬೇಡವಂತೆ, ಟ್ರ್ಯಾಕ್ಟರ್ ಒಯ್ಯಬಾರದೆಂದು ಎಲ್ಲೂ ಬರೆದಿಲ್ಲ. ಬಾಗಿಲು ಸಾಲದಿದ್ದರೆ ಒಂದು ಟ್ರೇಲರ್ ಹೊರಗೆ ಬಿಟ್ಟು ಬನ್ನಿ. ಉಳಿದ ಅಭ್ಯರ್ಥಿಗಳ ಕ್ಷಮೆಯನ್ನು ಈಗಲೇ ಕೇಳಿಕೊಂಡಿರುತ್ತೇನೆ.

ನಗೆಯಾಡಿದೆನೆಂದು ಹಗುರ ತಿಳಿಯಬೇಡಿ, ಸಾಹೇಬರೇ. ಆ ಮೂರನೇ ತರಗತಿ ನನಗೆ ಬೇಕು. ಕಿಟಕಿಯ ಹೊರಗೆ ನೋಡುತ್ತ ಕೂರುವ ಮಗುವಿಗೆ 'ತಲಿ ಎಲ್ಲಿ ಇಟ್ಟಿ' ಎಂದು ಕೇಳದ ಒಬ್ಬ ಟೀಚರಾದರೂ ಆ ಶಾಲೆಯಲ್ಲಿ ಖಾಯಂ ಇರಲಿ ಎಂಬ ಆಸೆ ಬಲವಾಗಿದೆ, ಭಯವೂ ಅಷ್ಟೇ ಇದೆ.

ತಮ್ಮ ಸಪ್ಪಳವನ್ನೇ ನೆಚ್ಚಿ ಕೂತಿರುವ,
ತಮ್ಮ ವಿಶ್ವಾಸಿ,
ಪೂನಮ ವೃಷಭ ಚೌಗುಲೆ

ವಿ.ಸೂ.: ಗದ್ದಲವೇ ನನ್ನ ಮದ್ದೆಂದು ಅತ್ತೆಯವರಿಗೆ ಹೇಳಿದೆ. ನಿನ್ನೆ ಒಬ್ಬರೇ ಬಸ್ ಹತ್ತಿ ಚಿಕ್ಕೋಡಿಗೆ ಹೋಗಿ ಪರೀಕ್ಷಾ ಕೇಂದ್ರ ನೋಡಿ ಬಂದರು. ಅದರ ಗೋಡೆಗೆ ಹತ್ತಿಕೊಂಡೇ ಒಂದು ಹಿಟ್ಟಿನ ಗಿರಣಿ ಇದೆಯಂತೆ. ಈಗ ಮನೆಯಲ್ಲಿದ್ದ ಜೋಳವನ್ನೆಲ್ಲ ಚೀಲಕ್ಕೆ ತುಂಬಿ, "ನೀ ಒಳಗ ಪೇಪರ್ ಬರಿ, ಮುಗಿಯೂತನಾ ನಾ ಹೊರಗ ಬೀಸಸ್ತೀನಿ" ಎಂದು ಚೀಲದ ಬಾಯಿ ಕಟ್ಟುತ್ತ ಕೂತಿದ್ದಾರೆ. ಗಿರಣಿಗೆ ತಮ್ಮಂತೆ ಹಾಡಲು ಬರುವುದಿಲ್ಲ, ನಿಜ. ಆದರೆ ನಮ್ಮತ್ತೆ ಬೈದರೆಂದು ದಾರಿ ಬದಲಿಸುವ ಚಟವೂ ಅದಕ್ಕಿಲ್ಲ.