ಲಿವರ್‌ಮೋರ್ ದಾರಿಯ ಲಕ್ಕಿ ಸೊಪ್ಪು

ನಮ್ಮ ಯಜಮಾನರಾದ ವ್ಯಾಸರಾಜರಿಗೆ ನನ್ನ ಮದ್ದಿನ ಮೇಲೆ ನಂಬಿಕೆಯಿಲ್ಲ. (ಅಡುಗೆಯ ಮೇಲೂ ಇಲ್ಲ, ಆದರೆ ಅದನ್ನು ತಿನ್ನುತ್ತಾರೆ.) ಮಗಳ ಮಂಡಿ ತರಚಿದರೆ ನಾನು ಅರಿಸಿನ ಹಿಡಿದು ಓಡುತ್ತೇನೆ, ಅವರು ಬ್ಯಾಂಡೇಜು ಹಿಡಿದು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸುಟ್ಟಗಾಯಕ್ಕೆ ಲೋಳೆಸರ, ಗಂದೆಗೆ ದೊಡ್ಡಪತ್ರೆ ನಳನಳಿಸುತ್ತಿದ್ದರೂ ಇವರಿಗೆ ಕಣ್ಣಿಲ್ಲ. ಕನ್ನಡ ಕೂಟಕ್ಕೆ ಕಣ್ಣಿತ್ತು. ಶನಿವಾರದ ಮಹಿಳಾ ಗೋಷ್ಠಿಯಲ್ಲಿ ಮನೆಮದ್ದಿನ ಬಗ್ಗೆ ನಾನೇ ಮಾತಾಡಬೇಕೆಂದು ಇಲ್ಲೇ ಹತ್ತಿರದ ಡಬ್ಲಿನ್ನಿನ ಜಯಂತಿ ಫೋನು ಮಾಡಿದ್ದಳು.

ಅದಕ್ಕೆ ಮುಂಚಿನ ಭಾನುವಾರ ಲಿವರ್‌ಮೋರ್ ದೇವಸ್ಥಾನದಿಂದ ಬರುತ್ತ, ಎಲ್ಲರೂ ಪುಳಿಯೋಗರೆ ಡಬ್ಬಿ ಬಿಚ್ಚುವ ಪಾರ್ಕಿನಲ್ಲಿ ನಾವೂ ನಿಂತೆವು. ಇವರು ಒಂದು ಅಳಿಲಿಗೆ ದಾರಿ ಬಿಡಲು ಹೋಗಿ ಕಾಲು ಉಳುಕಿಸಿಕೊಂಡರು. ಆಗಲೇ ಪೊದೆಯಲ್ಲಿ ನನಗೆ ಸಾಕ್ಷಾತ್ಕಾರವಾಯಿತು: ತೊಟ್ಟಿಗೆ ಮೂರೆಲೆ!

“ರೀ, ಲಕ್ಕಿ ಸೊಪ್ಪು! ಊತಕ್ಕೆ ನಮ್ಮಜ್ಜಿ ಇದನ್ನೇ ಅರೆದು ಕಟ್ತಿದ್ರು.”

“ವಾಸನೇನೇ ಇಲ್ವಲ್ಲೇ?”

“ಈ ದೇಶದಲ್ಲಿ ಮಲ್ಲಿಗೆಗೇ ವಾಸನೆ ಇಲ್ಲ, ಸೊಪ್ಪಿಗೆಲ್ಲಿಂದ ಬರ್ಬೇಕು?”

ಐದು ವರ್ಷದ ವಸುಧಾ ಸೆರಗು ಜಗ್ಗಿದಳು. “ಅಮ್ಮಾ, ನೋ! ಟೀಚರ್ ಸೆಡ್ ಡೋಂಟ್ ಟಚ್ ದಟ್!”

“ನಿಮ್ಮ ಟೀಚರ್‌ಗೆ ತುಳಸಿ ಗೊತ್ತಾ? ದೂರ ನಿಂತ್ಕೋ ಪುಟ್ಟಾ.”

ಚೀಲ ತುಂಬ ಕಿತ್ತು ತಂದು ಬರಿಗೈಯಲ್ಲಿ ಅರೆದೆ. ಮುಖದ ಬೆವರನ್ನೂ ಅದೇ ಕೈಯಲ್ಲಿ ಒರೆಸಿಕೊಂಡೆ. ಬಟ್ಟಲನ್ನು ಇವರ ಮುಂದಿಟ್ಟು, “ಕಟ್ಕೊಂಡು ಮಲಗಿ” ಎಂದು ಆಜ್ಞಾಪಿಸಿದೆ.

ಮಂಗಳವಾರದ ಹೊತ್ತಿಗೆ ಇವರ ಊತ ಇಳಿದಿತ್ತು. ಇಳಿದದ್ದು ಎಲ್ಲಿಗೆ ಹೋಯಿತೆಂದು ನನ್ನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೈತುಂಬ ಗುಳ್ಳೆ, ಕೆನ್ನೆ ಪೂರಿ, ಕಣ್ಣು ಬರೀ ಗೀರು. ಡಾಕ್ಟರು ಬಾಗಿಲಲ್ಲೇ ಹೇಳಿದರು, “ಪಾಯ್ಸನ್ ಓಕ್.” ಮುಟ್ಟಿದರೆ ಮೈ ಸುಡುವ ವಿಷದ ಗಿಡವಂತೆ.

“ಅಯ್ಯೋ, ನಿಮ್ಮ ಕಾಲು?” ಎಂದೆ ಗಾಬರಿಯಿಂದ.

ಇವರು ನೆಲ ನೋಡಿದರು. “ನಾನು ಕಟ್ಲೇ ಇಲ್ಲ ಕಣೇ. ಬಟ್ಟಲು ಸಮೇತ ಕಸಕ್ಕೆ ಹಾಕಿ ಐಸ್ ಇಟ್ಕೊಂಡೆ.”

(ಬಟ್ಟಲು ಸಮೇತ! ತವರಿನ ಬಟ್ಟಲು!)

ಶನಿವಾರವೂ ನಾನು ಕ್ಯಾಲಮೈನ್ ಬಳಿದುಕೊಂಡು ಗುಲಾಬಿ ಗೊಂಬೆಯಾಗಿದ್ದೆ. “ಜ್ವರ ಅಂತ ಹೇಳಿ, ಹೇಗಾದ್ರೂ ನನ್ನ ಮಾನ ಉಳಿಸಿ” ಎಂದು ಭಾಷಣದ ಹಾಳೆ ಕೊಟ್ಟು ಇವರನ್ನೇ ಕಳಿಸಿದೆ.

ಉಳಿಸಿದರು. ಅಗತ್ಯಕ್ಕಿಂತ ಹೆಚ್ಚೇ ಉಳಿಸಿದರು. ಸಂಜೆ ಜಯಂತಿಯ ಫೋನು ಬಂತು.

“ಏನ್ರೀ, ನಿಮ್ಮೆಜಮಾನ್ರು ಸ್ಟೇಜ್ ಮೇಲೆ ಕುಪ್ಪಳಿಸಿ ತೋರಿಸ್ಬಿಟ್ರು! ನಿಮ್ಮ ಲಕ್ಕಿ ಸೊಪ್ಪು ಕಟ್ಟಿ ಎರಡೇ ದಿನಕ್ಕೆ ಕಾಲು ವಾಸಿಯಂತೆ! ಮೂರೆಲೆ ತಾನೆ? ನಾವು ಊಟಕ್ಕೆ ನಿಲ್ಲೋ ಪಾರ್ಕಲ್ಲೇ ರಾಶಿ ಇದೆ, ನಾನೇ ನೋಡಿದೀನಿ. ನಾಳೆ ಎರಡು ಕಾರು ತುಂಬ ಹೊರಟಿದೀವಿ. ನನ್ನ ಗಂಡ ಲೀಲಾಧರನ ಬೆನ್ನುನೋವಿಗೂ ಆಯ್ತು, ನಮ್ಮ ಪಾಪೂ ಬೆವರುಸಾಲೆಗೂ ಆಯ್ತು.”

ಪಾಪೂಗೆ ಎಂಟು ತಿಂಗಳು. ಆ ಬೆಣ್ಣೆಯಂಥ ಕತ್ತು ಕಣ್ಮುಂದೆ ಬಂತು. ನನ್ನ ಮಾನ ಫೋನಿನ ತಂತಿ ಹಿಡಿದು ಒಂದು ಗಳಿಗೆ ಜೋತಾಡಿತು, ಆಮೇಲೆ ಕೈಬಿಟ್ಟೆ.

“ಜಯಂತೀ, ಮುಟ್ಬೇಡ! ಅದು ಲಕ್ಕಿ ಅಲ್ಲ!” ಎಂದು ಅರೆದದ್ದು, ಬೆವರು ಒರೆಸಿದ್ದು, ಬಟ್ಟಲು, ಐಸು ಎಲ್ಲ ಹೇಳಿಬಿಟ್ಟೆ.

ಆ ಕಡೆಯಿಂದ ಬಂದ ನಗು ಫೋನಿಲ್ಲದಿದ್ದರೂ ಡಬ್ಲಿನ್ನಿನಿಂದ ಕೇಳಿಸುತ್ತಿತ್ತು.

ಮುಂದಿನ ಶನಿವಾರ ಮತ್ತೆ ಗೋಷ್ಠಿ. ವಿಷಯ: ಮುಟ್ಟಬಾರದ ಗಿಡಗಳು. ಉಪನ್ಯಾಸ: ಕುಮಾರಿ ವಸುಧಾ, ಕಿಂಡರ್‌ಗಾರ್ಟನ್. ನನ್ನನ್ನೂ ಮರೆತಿಲ್ಲ. ಗುಳ್ಳೆ ಮಾಯುವುದರೊಳಗೆ ಬಂದು, ಅವಳ ಪಕ್ಕದ ಕುರ್ಚಿಯಲ್ಲಿ ಕೈ ಚಾಚಿ ಕೂರಬೇಕಂತೆ, ಸಭಿಕರಿಗೆ ಕಾಣುವ ಹಾಗೆ.