ಮೇಲ್ವಿಚಾರಕರ ಜೀವಂತ ಚಾರ್ಟ್

ಲಿಫ್ಟ್ ರಿಪೇರಿ ಕಂಪನಿಯ ಮೇಲ್ವಿಚಾರಕರಿಗೆ ಆ ಬೆಳಿಗ್ಗೆ ತಿಂಡಿಯ ಕಡೆಗೂ ಗಮನವಿರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಣ್ಣರಳಿಸಿ ಕೂತಿದ್ದರು. ಎಕ್ಸೆಲ್ ಹಾಳೆಯ ಚಾರ್ಟನ್ನು ಸ್ಲೈಡಿಗೆ ಅಂಟಿಸುವಾಗ ‘ಲಿಂಕ್’ ಕೊಟ್ಟರೆ, ಹಾಳೆಯಲ್ಲಿ ಅಂಕಿ ಬದಲಾದ ಹಾಗೆಲ್ಲ ಸ್ಲೈಡಿನ ಕಂಬ ತಾನಾಗಿಯೇ ಏರುತ್ತದೆ, ಇಳಿಯುತ್ತದೆ! ಇಷ್ಟು ವರ್ಷ ಚಾರ್ಟಿನ ಫೋಟೊ ತೆಗೆದು ಅಂಟಿಸುತ್ತಿದ್ದುದನ್ನು ನೆನೆದು ಅವರಿಗೇ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿನಲ್ಲೇ ವಿಡಿಯೊದಲ್ಲಿ ನಿರ್ದೇಶಕಿ ಮೇಡಂ ಮುಂದೆ ಅವರು ಮಾತಾಡಬೇಕಿತ್ತು. ವಿಷಯ: ಕೆಲಸದ ನ್ಯಾಯಯುತ ಹಂಚಿಕೆ. ಮೇಡಂ ಮೆಚ್ಚಿದರೆ ಮ್ಯಾನೇಜರ್ ಕುರ್ಚಿ ಖಾತ್ರಿ. ಆದ್ದರಿಂದ ಕೊನೆಯ ಸ್ಲೈಡಿಗೆ ಸ್ವಂತ ಮನೆಯನ್ನೇ ಉದಾಹರಣೆ ಮಾಡಿಕೊಂಡಿದ್ದರು. ಮನೆಗೆಲಸದಲ್ಲಿ ಪತಿಯ ಪಾಲು ಅರವತ್ತು, ಪತ್ನಿಯದು ನಲವತ್ತು. (ಪೇಪರ್ ಓದುವುದನ್ನೂ ಅವರು ಮನೆಗೆಲಸಕ್ಕೇ ಸೇರಿಸಿದ್ದರು.)

“ಇದನ್ನ ಅಳೆದವರು ಯಾರು?” ಎಂದು ಹೆಂಡತಿ ಹಿಂದಿನಿಂದ ಇಣುಕಿದಳು.

“ಅಂದಾಜು ಕಣೇ. ಅಂಕಿ ಬಿಡು, ತಂತ್ರ ನೋಡು! ಇಲ್ಲಿ ಬದಲಾಯಿಸಿದ್ರೆ ಅಲ್ಲೂ ಬದಲಾಗತ್ತೆ.”

“ಹೌದಾ? ಯಾರು ಬದಲಾಯಿಸಿದ್ರೂನಾ?”

“ಯಾರು ಬದಲಾಯಿಸಿದ್ರೂ! ಅದೇ ಅದರ ಮಹಿಮೆ,” ಎಂದು ಉಪದೇಶಿಸಿ ಮೇಲ್ವಿಚಾರಕರು ಸ್ನಾನಕ್ಕೆ ಹೋದರು. ಲ್ಯಾಪ್‌ಟಾಪ್ ತೆರೆದೇ ಇತ್ತು. ಹೆಂಡತಿಗೂ ಕುತೂಹಲ ಎಂಬುದೊಂದು ಇರುತ್ತದೆಂದು ಅವರಿಗೆ ಹೊಳೆಯಲಿಲ್ಲ.

ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಮನೆಯ ಪೈಜಾಮ (ವಿಡಿಯೊದಲ್ಲಿ ಅರ್ಧ ಮನುಷ್ಯ ಸಾಕು) ಧರಿಸಿ ಮಾತು ಶುರುಮಾಡಿದರು. ಎಲ್ಲ ಸಾಂಗವಾಗಿ ಸಾಗಿತು. ಕೊನೆಯ ಸ್ಲೈಡಿಗೆ ಬರುವಾಗ ಗಂಟಲು ಸರಿಮಾಡಿಕೊಂಡು, “ಈಗ ನಮ್ಮ ಮನೆಯ ಆಡಳಿತವನ್ನೇ ನೋಡಿ ಮೇಡಂ. ಅಂಕಿಗಳು ಈ ಕ್ಷಣದವು, ಲಿಂಕ್ ಕೊಟ್ಟಿದ್ದೇನೆ,” ಎಂದು ಬಟನ್ ಒತ್ತಿದರು.

ಪತ್ನಿಯ ಕಂಬ ಸ್ಲೈಡಿನ ತಲೆಗೆ ಮುಟ್ಟಿತ್ತು. ಪತಿಯ ಕಂಬ ಕಾಣಿಸಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ನೆಲಕ್ಕೆ ಅಂಟಿದ ಒಂದು ಗೆರೆ, ಅದರ ಮೇಲೆ ‘2’ ಎಂಬ ಅಂಕಿ.

ಮೇಡಂ ಮುಖವನ್ನು ಕ್ಯಾಮೆರಾದ ಹತ್ತಿರ ತಂದರು. “ಆ ಗೆರೆ ನೀವಾ?”

“ಅದು... ಏನೋ ತಾಂತ್ರಿಕ ದೋಷ, ಮೇಡಂ.”

“ದೋಷ ಏನಿಲ್ಲ ಬಿಡಿ, ನಮ್ಮನೆಯಲ್ಲೂ ಹೀಗೇ ಇದೆ,” ಎಂದು ಮೇಡಂ ನಕ್ಕರು. “ಇಷ್ಟು ಪ್ರಾಮಾಣಿಕ ಚಾರ್ಟ್ ನಾನು ನೋಡೇ ಇಲ್ಲ. ಮುಂದಿನ ತಿಂಗಳು ಇದನ್ನೇ ತೋರಿಸಿ. ನಿಮ್ಮ ಕಂಬ ಎದ್ದು ನಿಂತಿದ್ರೆ ಮ್ಯಾನೇಜರ್ ಹುದ್ದೆ ನಿಮ್ಮದೇ. ಆದ್ರೆ ಅಂಕಿ ನಿಮ್ಮ ಮನೆಯವರೇ ತುಂಬಬೇಕು. ಲಿಂಕ್ ಮಾತ್ರ ತೆಗೀಬೇಡಿ.”

ಮೇಲ್ವಿಚಾರಕರು ಕೆಂಡಾಮಂಡಲವಾಗಿ ಅಡುಗೆಮನೆಗೆ ನುಗ್ಗಿದರು. “ನನ್ನ ಪಾಲಿಗೆ ಬರೀ ಎರಡು ಹಾಕಿದ್ದೀಯಲ್ಲೇ! ನಿನಗೆ ಮನಸ್ಸಾದರೂ ಹೇಗೆ ಬಂತು?”

“ಆಣೆ ಮಾಡಿ ಹೇಳ್ತೀನಿ ರೀ, ನಾನು ಹತ್ತು ಹಾಕಿದ್ದೆ,” ಎಂದಳು ಹೆಂಡತಿ. “ಅತ್ತೆ ನೋಡಿ, ‘ಅಷ್ಟೆಲ್ಲಿ ಮಾಡ್ತಾನೆ?’ ಅಂತ ಎರಡು ಮಾಡ್ಸಿದ್ರು.”

ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ತಾಯಿ ತಲೆ ಎತ್ತಲಿಲ್ಲ.

ಮೇಲ್ವಿಚಾರಕರು ಕುರ್ಚಿಯನ್ನು ನೆನೆದು, ಇಸ್ತ್ರಿ ಶರ್ಟಿನ ತೋಳು ಮಡಚಿ, ಸಿಂಕಿನ ಮುಂದೆ ನಿಂತರು. ಮೂರು ತಟ್ಟೆ ತೊಳೆದದ್ದೇ ತಡ, ಮೆಲ್ಲಗೆ ಕೇಳಿದರು: “ಈಗ ಎಷ್ಟಾಯ್ತು?”

ತಾಯಿ ಎದ್ದು ಬಂದು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಒಂದಕ್ಕೆ ಇಳಿಸಮ್ಮ,” ಎಂದು ಸೊಸೆಗೆ ಹೇಳಿದರು.